ಕಂಚಿನ ಹುಲಿಗೆ ಉಸಿರು ಊದಿದವರು

ಲಂಡನ್ನಿನ ಬಾನ್‌ಹ್ಯಾಮ್ಸ್ ಎಂಬ ಹರಾಜು ಕಂಪನಿ 2015ರ ಏಪ್ರಿಲ್ ತಿಂಗಳಲ್ಲಿ ನಮ್ಮ ಶ್ರೀರಂಗಪಟ್ಟಣದ ಒಂದು ಕಂಚಿನ ಹುಲಿಯನ್ನು ಕೂಗಿ ಮಾರಿತು. ಹುಲಿ ಅಂದರೆ ಪೂರಾ ಹುಲಿಯಲ್ಲ, ಮೂರು ಪೌಂಡು ತೂಕದ ಗುಂಡು ಹಾರಿಸುವ ಫಿರಂಗಿ. ಅದರ ಬಾಯಿ ಹುಲಿಯ ಬಾಯಿ. ಗಾಡಿಯ ಮೇಲೆ ಕೂರಿಸೋದಕ್ಕೆ ಎರಡು ಪಕ್ಕಕ್ಕೂ ಚಾಚಿಕೊಂಡಿರುವ ಗೂಟಗಳ ತುದಿಯಲ್ಲೂ ಹುಲಿಮುಖ. ಹೋದ ಬೆಲೆ 14 ಲಕ್ಷ ಪೌಂಡಿಗೂ ಮೇಲೆ. ಆ ದಿನದ ರೂಪಾಯಿ ಲೆಕ್ಕದಲ್ಲಿ 13 ಕೋಟಿ ದಾಟಿತು.

ಇದನ್ನು ಪೇಪರಿನಲ್ಲಿ ಓದಿದವರು ಎರಡು ಪಕ್ಷವಾದರು. ಒಬ್ಬರು ಟಿಪ್ಪು ಎಂಥಾ ವೀರ ಅಂದರು. ಇನ್ನೊಬ್ಬರು ಟಿಪ್ಪು ಎಂಥಾ ಕ್ರೂರಿ ಅಂದರು. ನಮ್ಮ ಕಡೆ ಇತಿಹಾಸ ಅಂದರೆ ಈಗ ಇಷ್ಟೇ ಆಗಿದೆ, ಸತ್ತ ದೊರೆಯನ್ನು ಹೊತ್ತು ಮೆರೆಸೋದು ಇಲ್ಲವೇ ಹೂತಲ್ಲಿಂದ ಎಬ್ಬಿಸಿ ಬಡಿಯೋದು. ಆ ಹುಲಿಯನ್ನು ಎರೆದವರು ಯಾರು ಅಂತ ಎರಡೂ ಪಕ್ಷದಲ್ಲಿ ಒಬ್ಬರೂ ಕೇಳಲಿಲ್ಲ. ಟಿಪ್ಪು ತನ್ನ ಕೈಯಾರ ಕಂಚು ಕಾಯಿಸಲಿಲ್ಲ. ಕುಲುಮೆ ಮುಂದೆ ಕೂತು ಮೈ ಸುಟ್ಟುಕೊಂಡವರು ಬೇರೆ ಯಾರೋ. ನಮ್ಮ ಪ್ರಶ್ನೆ ಅವರದು.

1799ರ ಮೇ 4ರಂದು ಪಟ್ಟಣ ಬಿತ್ತು. ಬ್ರಿಟಿಷರು ಹೆಣ ಎಣಿಸೋದಕ್ಕೆ ಮುಂಚೆಯೇ ಸಾಮಾನು ಎಣಿಸಲು ಕೂತರು ಅನ್ನುವಷ್ಟು ಚೊಕ್ಕಟವಾಗಿವೆ ಅವರ ಪಟ್ಟಿಗಳು. ಒಟ್ಟು 929 ಫಿರಂಗಿಗಳು, ಅದರಲ್ಲಿ 287 ಕೋಟೆ ಗೋಡೆಯ ಮೇಲೆ ಹೂಡಿದ್ದವು. ಫಿರಂಗಿ ಎರೆಯುವ ಎರಡು ಕಾರ್ಖಾನೆ. ಎರೆದ ಫಿರಂಗಿಗೆ ತೂತು ಕೊರೆಯುವ ಯಂತ್ರಗಳು. ಮದ್ದಿನ ಮನೆಗಳು. ಎಲ್ಲದಕ್ಕೂ ಲೆಕ್ಕವಿದೆ, ಕೆಲಸಗಾರರದೊಂದು ಬಿಟ್ಟು. ಕೊಳ್ಳೆಯ ದುಡ್ಡು ಹಂಚಿದ್ದಕ್ಕೂ ಲೆಕ್ಕವಿದೆ. ಸೇನಾಪತಿ ಹ್ಯಾರಿಸ್‌ಗೆ 1,42,902 ಪೌಂಡು, ಬಿಳಿಯ ಸಾಮಾನ್ಯ ಸೋಲ್ಜರಿಗೆ 7 ಪೌಂಡು, ನಮ್ಮ ಕಡೆಯ ಕರಿಯ ಸಿಪಾಯಿಗೆ 5 ಪೌಂಡು.

ಇಷ್ಟಕ್ಕೇ ನಿಲ್ಲಲಿಲ್ಲ. ಗೆದ್ದ ಸಂತೋಷಕ್ಕೆ ಕಂಪನಿಯವರು ಬರ್ಮಿಂಗ್‌ಹ್ಯಾಮಿನ ಸೋಹೋ ಟಂಕಸಾಲೆಯಲ್ಲಿ ಒಂದು ಪದಕ ಹೊಡೆಸಿದರು. ಅದರ ಮೇಲೂ ಪ್ರಾಣಿಗಳೇ. ಬ್ರಿಟನ್ನಿನ ಸಿಂಹ ಮೈಸೂರಿನ ಹುಲಿಯನ್ನು ಕೆಡವಿಕೊಂಡಿದೆ. ಜನರಲ್‌ಗಳಿಗೆ ಚಿನ್ನದ ಪದಕ, ಅವರ ಕೆಳಗಿನವರಿಗೆ ಚಿನ್ನದ ನೀರು ಕುಡಿಸಿದ ಬೆಳ್ಳಿಯದು, ಅದಕ್ಕೂ ಕೆಳಗೆ ಬರೀ ಬೆಳ್ಳಿ, ಹವಾಲ್ದಾರ ದರ್ಜೆಗೆ ಕಂಚು, ಕಟ್ಟಕಡೆಯ ಸಿಪಾಯಿಗೆ ತವರ. ಅದೇ ಸಿಂಹ, ಅದೇ ಹುಲಿ, ಲೋಹ ಮಾತ್ರ ಬೇರೆ ಬೇರೆ. ವರ್ಣಾಶ್ರಮವನ್ನು ಮನುವೇ ಬರೆಯಬೇಕು ಅಂತಿಲ್ಲ, ಬರ್ಮಿಂಗ್‌ಹ್ಯಾಮಿನಲ್ಲೂ ಅಚ್ಚು ಹಾಕಬಹುದು.

ಆ ಎರಡು ಎರಕದ ಕಾರ್ಖಾನೆಗಳ ಒಳಗೆ ಹೋಗೋಣ.

ಪಟ್ಟಣದ ಕೈಕಸುಬಿನವರು ಎಲ್ಲರೂ ಅಲ್ಲೇ ಹುಟ್ಟಿ ಬೆಳೆದವರಲ್ಲ. ಶಹರ್ ಗಂಜಾಂ ತುಂಬಿಸಲು ಶಿರಾ ಸೀಮೆಯಿಂದ 12,000 ಕುಟುಂಬಗಳನ್ನು ಎಬ್ಬಿಸಿ ತಂದರು ಅಂತ ಗೆಜೆಟಿಯರುಗಳು ಒಂದೇ ಸಾಲಿನಲ್ಲಿ ಹೇಳಿ ಮುಗಿಸುತ್ತವೆ. 12,000 ಕುಟುಂಬ ಅಂದರೆ ಎಷ್ಟು ಒಲೆ ಆರಿರಬೇಕು, ಎಷ್ಟು ಮುದುಕರು ದಾರಿಯಲ್ಲಿ ಉಳಿದಿರಬೇಕು, ಗೆಜೆಟಿಯರಿಗೆ ಅದು ಬೇಕಾಗಿಲ್ಲ. ಇನ್ನೊಂದು ಕಡೆ ಫ್ರೆಂಚರು. ಇವತ್ತಿನ ಪಾಂಡವಪುರವನ್ನು ನಮ್ಮ ಅಜ್ಜಂದಿರ ಕಾಲದವರೆಗೂ ಫ್ರೆಂಚ್ ರಾಕ್ಸ್ ಅಂತ ಕರೆಯುತ್ತಿದ್ದದ್ದು ಹೈದರ್ ಟಿಪ್ಪುಗಳ ನೆರವಿಗೆ ಬಂದ ಫ್ರೆಂಚ್ ದಂಡು ಅಲ್ಲಿನ ಬಂಡೆಗಳ ಹತ್ತಿರ ಬೀಡು ಬಿಟ್ಟಿದ್ದಕ್ಕೆ. ಟಿಪ್ಪು 1787ರಲ್ಲಿ ಫ್ರಾನ್ಸಿನ ಹದಿನಾರನೇ ಲೂಯಿಯ ಹತ್ತಿರ ರಾಯಭಾರಿಗಳನ್ನು ಕಳಿಸಿದಾಗ ಕೇಳಿದ್ದರಲ್ಲಿ ಕಸುಬುದಾರರೂ ಸೇರಿದ್ದರು. ತೂತು ಕೊರೆಯುವ ಯಂತ್ರದ ವಿದ್ಯೆ ಹೊರಗಿನಿಂದ ಬಂದದ್ದೇ ಇರಬಹುದು. ಆದರೆ ಹುಲಿಯ ಮೀಸೆ, ಹಲ್ಲು, ಮಡಚಿದ ಕಿವಿ, ಇವು ಯೂರೋಪಿನ ಫಿರಂಗಿಯ ಕೈ ಅಲ್ಲ. ಮೇಣದಲ್ಲಿ ಬೊಂಬೆ ಮಾಡಿ ಕಂಚು ಎರೆದು ಪಳಗಿದ ನಮ್ಮ ನೆಲದ ಕೈ ಅದು. ದೇವಸ್ಥಾನದ ಪ್ರಭಾವಳಿಯ ತುದಿಯ ಸಿಂಹಮುಖ ನೋಡಿ, ಆಮೇಲೆ ಫಿರಂಗಿಯ ಹುಲಿಮುಖ ನೋಡಿ. ಅಕ್ಕಪಕ್ಕದ ಮನೆಯವರು ಅಂತ ಕಣ್ಣಿಗೇ ಗೊತ್ತಾಗುತ್ತೆ.

ಕೆಲವು ಆಯುಧಗಳ ಮೇಲೆ ಹೈದರನ ಹೆಸರಿನ ಮೊದಲಕ್ಷರವಿದೆ. ಟಿಪ್ಪು ಹೊಸದಾಗಿ ತಂದ ಮೌಲೂದಿ ವರ್ಷವಿದೆ. ಹುಲಿಪಟ್ಟೆ ಇದೆ. ಅರಸನ ಗುರುತು, ಅರಸನ ಕಾಲ, ಅರಸನ ಪ್ರಾಣಿ.

ಕಂಚು ಅಂದರೆ ತಾಮ್ರಕ್ಕೆ ತವರ ಬೆರೆಸಿದ್ದು. ಫಿರಂಗಿಗೆ ಹೆಚ್ಚುಕಮ್ಮಿ ಒಂಬತ್ತು ಭಾಗ ತಾಮ್ರಕ್ಕೆ ಒಂದು ಭಾಗ ತವರ. ಗಂಟೆಗಾದರೆ ತವರ ಜಾಸ್ತಿ, ಐದರಲ್ಲೊಂದು ಭಾಗಕ್ಕೂ ಮೇಲೆ, ಆಗಲೇ ನಾದ ಬರೋದು. ಗಂಟೆಯ ಕಂಚು ಒಡೆಯುತ್ತೆ, ಫಿರಂಗಿಯ ಕಂಚು ಒಡೆಯಬಾರದು. ತಾಮ್ರ ಕರಗಲು 1,085 ಡಿಗ್ರಿ ಸೆಲ್ಸಿಯಸ್ ಶಾಖ ಬೇಕು. ತವರ ಸೇರಿದರೆ ಸ್ವಲ್ಪ ಕಡಿಮೆಗೆ ಕರಗುತ್ತೆ, ಆದರೂ ಸಾವಿರದ ಹತ್ತಿರವೇ. ಬರೀ ಸೌದೆ ಉರಿಸಿ ಈ ಶಾಖ ಹುಟ್ಟಿಸೋದು ಕಷ್ಟ. ಇದ್ದಲು ಬೇಕು, ಇದ್ದಲಿಗೆ ಬಿಡದೆ ಗಾಳಿ ಬೇಕು. ಗಾಳಿ ಕೊಡೋದು ತಿದಿ. ತಿದಿ ಅಂದರೆ ಚರ್ಮ.

ಇಲ್ಲಿಗೆ ಬಂತು ನೋಡಿ ನಮ್ಮ ಕಥೆ. ಊರಿನಲ್ಲಿ ಸತ್ತ ದನ ಎಳೆದವರು ಯಾರು, ಸುಲಿದವರು ಯಾರು, ಸುಣ್ಣದ ನೀರಿನಲ್ಲಿ ನೆನೆಹಾಕಿ, ತಂಗಡಿ ಚಕ್ಕೆಯಲ್ಲಿ ಹದ ಮಾಡಿ, ಗಾಳಿ ಸೋರದ ಹಾಗೆ ಹೊಲಿದುಕೊಟ್ಟವರು ಯಾರು? ಮಾದಿಗರು. ಇದನ್ನು ನಾವು ಬರೆಯಬೇಕಾಗಿಲ್ಲ, ಹಳ್ಳಿಯಲ್ಲಿ ಹುಟ್ಟಿದ ಯಾರಿಗೂ ಗೊತ್ತು. ಗೊತ್ತಿದ್ದೂ ಪುಸ್ತಕದಲ್ಲಿ ಇಲ್ಲ.

ಮೇಣದ ಎರಕದ ಬಗ್ಗೆ ಪುಸ್ತಕವಿದೆ. ಕಲ್ಯಾಣದ ಚಾಲುಕ್ಯ ಮೂರನೇ ಸೋಮೇಶ್ವರ 1130ರ ಆಸುಪಾಸಿನಲ್ಲಿ ಬರೆಸಿದ ಮಾನಸೋಲ್ಲಾಸದಲ್ಲಿ ಈ ವಿದ್ಯೆಯ ವಿವರ ಚೆನ್ನಾಗಿದೆ. ಮೊದಲು ಮೇಣದ ಬೊಂಬೆ. ಅದಕ್ಕೆ ಹಚ್ಚುವ ಮಣ್ಣಿಗೆ ಸುಟ್ಟ ಹೊಟ್ಟು, ಸಣ್ಣಗೆ ಕತ್ತರಿಸಿದ ಹತ್ತಿ, ಸ್ವಲ್ಪ ಉಪ್ಪು ಸೇರಿಸಿ ಕಲ್ಲಿನ ಮೇಲೆ ನುಣ್ಣಗೆ ಅರೆಯಬೇಕು. ಮೂರು ಸಲ ಮೆತ್ತಬೇಕು, ಮೊದಲನೆಯದು ತೆಳು, ನೆರಳಲ್ಲೇ ಒಣಗಬೇಕು. ಆಮೇಲೆ ಕಾಯಿಸಿ ಮೇಣ ಇಳಿಸಿ, ಆ ಟೊಳ್ಳಿಗೆ ಲೋಹದ ರಸ ಬಿಡಬೇಕು. ಮೇಣದ ತೂಕ ನೋಡಿಕೊಂಡು ಲೋಹ ತೂಗಬೇಕು, ಹಿತ್ತಾಳೆ ತಾಮ್ರಕ್ಕೆ ಎಂಟು ಹತ್ತು ಪಟ್ಟು, ಬೆಳ್ಳಿಗೆ ಹನ್ನೆರಡು ಪಟ್ಟು, ಚಿನ್ನಕ್ಕೆ ಹದಿನಾರು ಪಟ್ಟು. ಇವತ್ತಿನ ತಕ್ಕಡಿಯಲ್ಲಿ ತೂಗಿದರೂ ತಾಮ್ರದ ಲೆಕ್ಕ ಹತ್ತಿರಕ್ಕೆ ಬರುತ್ತೆ. ಇದು ಅರಮನೆಯಲ್ಲಿ ಕೂತು ಹೊಳೆಯುವ ಲೆಕ್ಕವಲ್ಲ. ಎಷ್ಟೋ ತಲೆಮಾರು ಸುಟ್ಟುಕೊಂಡು, ಕೆಡಿಸಿಕೊಂಡು, ಮತ್ತೆ ಎರೆದು ಕಂಡುಕೊಂಡ ಲೆಕ್ಕ. ಕಂಡುಕೊಂಡವನ ಬಾಯಿಯ ಮಾತು ಸಂಸ್ಕೃತ ಶ್ಲೋಕವಾಗಿ ಅರಸನ ಹೆಸರಿಗೆ ಜಮೆಯಾಯಿತು.

ಇನ್ನೊಂದು ಮಾತು. ಅದೇ ಕಲ್ಯಾಣ. ಈ ಪುಸ್ತಕ ಬಂದು ನಾಲ್ಕು ದಶಕ ಆಗುವುದರೊಳಗೆ, ಅದೇ ಊರಿನಲ್ಲಿ ಚರ್ಮದ ಕೆಲಸದ ಹರಳಯ್ಯ ಬ್ರಾಹ್ಮಣ ಮಧುವರಸನ ಮಗಳನ್ನು ಸೊಸೆಯಾಗಿ ತಂದುಕೊಂಡದ್ದಕ್ಕೆ ಇಬ್ಬರನ್ನೂ ಆನೆಯ ಕಾಲಿಗೆ ಕಟ್ಟಿ ಎಳೆಸಿದರು ಅನ್ನುವುದು ಶರಣರ ಕಥೆಗಳು ಹೇಳುವ ಮಾತು. ಮೇಣ ಎಷ್ಟು, ಮಣ್ಣು ಎಷ್ಟು ಅಂತ ಗುಲಗಂಜಿ ತೂಕದಲ್ಲಿ ಬರೆದಿಟ್ಟ ನಾಗರಿಕತೆ, ತಿದಿಯ ಚರ್ಮ ಹೊಲಿದವನನ್ನು ಹಾಗೆ ತೂಗಿತು.

ಈಗ ನಾಗಮಂಗಲಕ್ಕೆ ಬರೋಣ. ಹಳೇ ಮೈಸೂರಿನಲ್ಲಿ ಹಿತ್ತಾಳೆ ಕಂಚಿನ ಕೆಲಸಕ್ಕೆ ಹೆಸರಾದ ಊರು ಇದು. ಬ್ರಿಟಿಷ್ ಕಾಲದ ಗೆಜೆಟಿಯರುಗಳೂ ಈ ಊರಿನ ಹಿತ್ತಾಳೆ ಕೆಲಸವನ್ನು ಗುರುತಿಸಿವೆ. ವಿಶ್ವಕರ್ಮ ಕುಲದ ಮನೆಗಳಲ್ಲಿ ಇವತ್ತಿಗೂ ಉತ್ಸವಮೂರ್ತಿ, ಪ್ರಭಾವಳಿ, ಗಂಟೆ, ದೀಪ ಎರೆಯುತ್ತಾರೆ. 1792ರಲ್ಲಿ ಪರಶುರಾಮ ಭಾವುವಿನ ಮರಾಠಾ ದಂಡು ಈ ಊರನ್ನು ಸುಟ್ಟಿತು. ಸುಟ್ಟವರೂ ಹಿಂದೂಗಳೇ, ಸುಡಿಸಿಕೊಂಡ ಸೌಮ್ಯಕೇಶವನ ಊರೂ ಹಿಂದೂಗಳದೇ. ಇದನ್ನು ನಮ್ಮ ಧರ್ಮರಕ್ಷಕರು ಯಾವ ಸಭೆಯಲ್ಲೂ ಎತ್ತುವುದಿಲ್ಲ, ಅದಕ್ಕೇ ಇಲ್ಲಿ ಎತ್ತಿದೆವು. ಊರು ಸುಟ್ಟರೂ ಕಸುಬು ಸಾಯಲಿಲ್ಲ.

ಎರಕದವರು ದೇವರ ಜೊತೆಗೆ ಪ್ರಾಣಿಗಳನ್ನೂ ಎರೆಯುತ್ತಾರೆ. ಬಸವ, ಗರುಡ, ಹನುಮಂತ, ನಾಗ, ನವಿಲು, ಆನೆ, ಕುದುರೆ. ಶಾಸ್ತ್ರದ ಭಾಷೆಯಲ್ಲಿ ಇವೆಲ್ಲ ವಾಹನ, ಅಂದರೆ ದೇವರನ್ನು ಹೊರುವ ಆಳು. ದೇವರಿಗೆ ಇಷ್ಟು ತಾಳ, ಇಷ್ಟು ಅಂಗುಲ ಅಂತ ಕಟ್ಟುನಿಟ್ಟಿನ ಅಳತೆಯಿದೆ. ಪ್ರಾಣಿಗೆ ಬಂದಾಗ ಕೈಗೆ ಸ್ವಲ್ಪ ಸಡಿಲ ಸಿಗುತ್ತೆ. ಬಸವನ ಗಂಗೆದೊಗಲನ್ನು ಎಷ್ಟು ಇಳಿಬಿಡಬೇಕು, ಕತ್ತು ಎಷ್ಟು ತಿರುಗಿಸಬೇಕು, ನಾಲಗೆ ಮೂಗಿಗೆ ತಾಗಬೇಕೋ ಬೇಡವೋ, ಇದರಲ್ಲಿ ಎರೆಯುವವನು ತಾನು ಕಂಡ ದನವನ್ನು ತರುತ್ತಾನೆ. ಹಳ್ಳಿಕಾರ್ ಎತ್ತಿನ ಹಿಂದಕ್ಕೆ ಬಾಗಿದ ಉದ್ದ ಕೊಂಬು, ಕಿರಿದಾದ ಮುಖ ಕಂಚಿನಲ್ಲಿ ಬಂದರೆ ಅದು ಆಗಮದಿಂದ ಬಂದದ್ದಲ್ಲ, ಕೆ.ಆರ್. ಪೇಟೆ ತಾಲ್ಲೂಕಿನ ಹೇಮಗಿರಿ ಜಾತ್ರೆಯಿಂದಲೋ ಪಾಂಡವಪುರದ ಬೇಬಿ ಬೆಟ್ಟದ ಜಾತ್ರೆಯಿಂದಲೋ ಬಂದದ್ದು.

ಆದರೆ ಪ್ರಾಣಿಯ ಎರಕ ಕಷ್ಟ. ನಿಂತ ದೇವರು ಒಂದು ಪೀಠದ ಮೇಲೆ ಗಟ್ಟಿಯಾಗಿ ನಿಂತಿರುತ್ತಾನೆ. ನಿಂತ ಬಸವನಿಗೆ ನಾಲ್ಕು ಕಾಲು, ಎರಡು ಕೊಂಬು, ಎರಡು ಕಿವಿ, ಒಂದು ಬಾಲ, ಎಲ್ಲ ತೆಳ್ಳಗಿನ ತುದಿಗಳು. ರಸ ಆ ತುದಿ ಮುಟ್ಟುವ ಮುಂಚೆ ತಣ್ಣಗಾಗಿಬಿಟ್ಟರೆ ಬಸವ ಕುಂಟ, ಇಲ್ಲವೇ ಕೊಂಬುಮುರುಕ. ಗಾಳಿ ಹೊರಗೆ ಹೋಗೋದಕ್ಕೆ ಅಚ್ಚಿನಲ್ಲಿ ಸಂದು ಬಿಡದಿದ್ದರೆ ಹೊಟ್ಟೆಯಲ್ಲಿ ಗುಳ್ಳೆ. ಅದಕ್ಕೇ ರಸ ಚೆನ್ನಾಗಿ ಕಾದಿರಬೇಕು, ಹೊಯ್ಯುವ ಹೊತ್ತಿನವರೆಗೂ ಶಾಖ ಇಳಿಯಬಾರದು. ಅಂದರೆ ತಿದಿಯ ಗಾಳಿ ಒಂದು ಗಳಿಗೆಯೂ ತಪ್ಪಬಾರದು. ಬಸವನ ಕೊಂಬು ನೆಟ್ಟಗೆ ನಿಲ್ಲೋದಕ್ಕೆ ಮೇಣ ತಿದ್ದಿದವನ ಬೆರಳು ಎಷ್ಟು ಕಾರಣವೋ ತಿದಿಯ ಹೊಲಿಗೆ ಬಿಗಿದವನ ಬೆರಳೂ ಅಷ್ಟೇ ಕಾರಣ.

ಮೂರ್ತಿ ಮುಗಿದ ಮೇಲೆ ಕಡೆಗೆ ಕಣ್ಣು ಬಿಡಿಸುತ್ತಾರೆ. ಶಿಲ್ಪಿ ಉಳಿ ಹಿಡಿದು ಕಣ್ಣು ತೆರೆಸುತ್ತಾನೆ. ಅಲ್ಲಿಗೆ ಅವನ ಋಣ ತೀರಿತು. ಪುರೋಹಿತರು ಬಂದು ಪ್ರಾಣಪ್ರತಿಷ್ಠೆ ಮಾಡಿ ಗರ್ಭಗುಡಿಯಲ್ಲಿ ಕೂರಿಸಿದ ಮೇಲೆ, ತಿಂಗಳಗಟ್ಟಲೆ ತೊಡೆಯ ಮೇಲೆ ಮಲಗಿಸಿಕೊಂಡು ಅರ ಹಾಕಿ ಉಜ್ಜಿದವನು ಅದನ್ನು ಮುಟ್ಟುವ ಹಾಗಿಲ್ಲ. ಎರೆದವನ ಗತಿಯೇ ಇದಾದರೆ ತಿದಿ ಹೊಲಿದವನ ಗತಿ ಕೇಳಬೇಡಿ. ಅವನು ಬೀದಿಯ ತುದಿಯಲ್ಲೇ ನಿಂತ.

ಕಂಪನಿಯ ವೈದ್ಯ ಫ್ರಾನ್ಸಿಸ್ ಬುಕಾನನ್ ಪಟ್ಟಣ ಬಿದ್ದ ಮರುವರ್ಷ, 1800ರಲ್ಲಿ, ಈ ಸೀಮೆಯನ್ನೆಲ್ಲ ಸುತ್ತಿದ. ಏನು ಬೆಳೀತಾರೆ, ಏನು ತಿಂತಾರೆ, ಯಾವ ಜಾತಿ ಯಾರ ಜೊತೆ ಕೂರುತ್ತೆ ಅಂತೆಲ್ಲ ಬರೆದುಕೊಂಡ. ಗೆದ್ದವನ ಕಣ್ಣು ಅದು, ಕಂದಾಯ ಎಷ್ಟು ಹಿಂಡಬಹುದು ಅಂತ ನೋಡುವ ಕಣ್ಣು. ಆದರೂ ಕೆಲವು ವಿಷಯ ಅವನಷ್ಟು ಬಿಡಿಸಿ ನಮ್ಮವರು ಬರೆದಿಡಲಿಲ್ಲ. ಅದರಲ್ಲಿ ಒಂದು ಎಡಗೈ ಬಲಗೈ ಜಗಳ.

ಹಳೇ ಮೈಸೂರಿನ ಕಸುಬಿನ ಜಾತಿಗಳೆಲ್ಲ ಎರಡು ಪಾಳೆಯ. ಬಲಗೈಯವರು ಹದಿನೆಂಟು ಪಣ, ಅವರಿಗೆ ಬಣಜಿಗರು ಮುಂದಾಳು, ಹೊಲೆಯರು ಅವರ ಕಡೆಯ ಕಾಲಾಳು. ಎಡಗೈಯವರು ಒಂಬತ್ತು ಪಣ, ಅವರಿಗೆ ಪಾಂಚಾಳರು ಮುಂದಾಳು. ಪಾಂಚಾಳರು ಅಂದರೆ ಕಬ್ಬಿಣದವರು, ಬಡಗಿಗಳು, ಕಲ್ಲುಕುಟಿಗರು, ಅಕ್ಕಸಾಲಿಗಳು ಮತ್ತು ನಮ್ಮ ಕಂಚುಗಾರರು. ಈ ಎಡಗೈ ಪಾಳೆಯದ ಕೊನೆಯವರು, ಬೀದಿಯಲ್ಲಿ ದೊಣ್ಣೆ ಹಿಡಿದು ನಿಲ್ಲುವವರು ಮಾದಿಗರು. ಪಾಂಚಾಳರು ಆಜ್ಞೆ ಕೊಡುವವರು, ಮಾದಿಗರು ಹೊಡೆದಾಡುವವರು ಅಂತ ಬುಕಾನನ್ ಸ್ಪಷ್ಟವಾಗಿಯೇ ಹೇಳುತ್ತಾನೆ.

ಗೆಳೆಯರೆ, ಇದನ್ನು ಎರಡು ಸಲ ಓದಿ. ಕಂಚು ಎರೆಯುವವನೂ ಚರ್ಮ ಹೊಲಿಯುವವನೂ ಒಂದೇ ಕೈ. ಈ ಒಡನಾಟ ಯಾಕೆ ಹುಟ್ಟಿತು ಅನ್ನುವುದಕ್ಕೆ ಪಂಡಿತರು ಕಂಚಿಯ ಕಾಳಮ್ಮನ ಕಥೆ ಹೇಳುತ್ತಾರೆ, ದೇವಿ ಎಡಗೈ ಎತ್ತಿದಳು ಬಲಗೈ ಎತ್ತಿದಳು ಅಂತ. ನಮಗೆ ಕಾಣೋದು ಕುಲುಮೆ. ತಿದಿಯಿಲ್ಲದೆ ಕಬ್ಬಿಣದವನಿಗೂ ಕೆಲಸವಿಲ್ಲ, ಕಂಚಿನವನಿಗೂ ಇಲ್ಲ, ಅಕ್ಕಸಾಲಿಗೂ ಇಲ್ಲ. ಅಕ್ಕಿ ಬೇಳೆ ಭೂಮಿಯ ಮೇಲೆ ನಿಂತ ಪಾಳೆಯ ಒಂದು, ಬೆಂಕಿ ಉಳಿ ಮಗ್ಗದ ಮೇಲೆ ನಿಂತ ಪಾಳೆಯ ಇನ್ನೊಂದು ಅಂತ ನೋಡಿದರೆ ಬಹಳಷ್ಟು ತಿಳಿಯಾಗುತ್ತೆ. ಪೂರಾ ಹೊಂದುವುದಿಲ್ಲ, ಬೇಡರೂ ಎಡಗೈಯಲ್ಲಿದ್ದರು. ಆದರೂ ಕಾಳಮ್ಮನ ಕೈಗಿಂತ ತಿದಿಯ ಕೈ ನಮಗೆ ನಂಬಿಕೆಯದು.

ಜಗಳ ಯಾವುದಕ್ಕೆ ಗೊತ್ತೇ? ಮದುವೆ ಚಪ್ಪರಕ್ಕೆ ಹನ್ನೆರಡು ಕಂಬ ಹಾಕುವ ಹಕ್ಕು ಬಲಗೈಯವರದು, ಎಡಗೈಯವರಿಗೆ ಹನ್ನೊಂದೇ ಕಂಬ. ಮೆರವಣಿಗೆಯಲ್ಲಿ ಕುದುರೆ ಏರುವ ಹಕ್ಕು ಬಲಗೈಯವರದು. ಹನುಮಂತನ ಚಿತ್ರದ ಬಾವುಟ ಹಿಡಿಯುವ ಹಕ್ಕೂ ಅವರದೇ ಅಂತ ಅವರ ವಾದ. ದೇವಸ್ಥಾನಕ್ಕೆ ಹನುಮಂತನನ್ನು ಎರೆದುಕೊಡುವ ಕಂಚುಗಾರ ತನ್ನ ಮಗನ ಮದುವೆಯಲ್ಲಿ ಹನುಮಂತನ ಬಟ್ಟೆ ಹಿಡಿಯೋ ಹಾಗಿಲ್ಲ. ಕುದುರೆ ಎರೆಯಬಹುದು, ಏರಬಾರದು. ಈ ಹಕ್ಕಿಗಾಗಿ ಬೀದಿಯಲ್ಲಿ ತಲೆ ಒಡೆದುಕೊಂಡವರು ಮಾತ್ರ ಆ ಕಡೆ ಹೊಲೆಯರು, ಈ ಕಡೆ ಮಾದಿಗರು. ಚಪ್ಪರ ಬಣಜಿಗರದೋ ಪಾಂಚಾಳರದೋ, ರಕ್ತ ನಮ್ಮ ಎರಡು ಕೇರಿಯದು.

ಆಮೇಲೆ ಏನಾಯಿತು? ಪಾಂಚಾಳರು ವಿಶ್ವಕರ್ಮ ಬ್ರಾಹ್ಮಣರಾದರು, ಜನಿವಾರ ಗಟ್ಟಿ ಮಾಡಿಕೊಂಡರು. ಅವರ ನೋವು ಅವರಿಗೆ, ನಾವು ಹಗುರಾಗಿ ಆಡುವುದಿಲ್ಲ. ನೇಕಾರರು ತಮ್ಮ ಸಂಘ ಕಟ್ಟಿಕೊಂಡರು. ಎಡಗೈ ಅನ್ನುವ ಹೆಸರನ್ನು ಒಬ್ಬೊಬ್ಬರೇ ಕಳಚಿಟ್ಟು ನಡೆದರು. ಉಳಿದವರು ಯಾರು? ಇವತ್ತು ಕರ್ನಾಟಕದಲ್ಲಿ ಎಡಗೈ ಅಂದರೆ ಮಾದಿಗರು, ಬಲಗೈ ಅಂದರೆ ಹೊಲೆಯರು. ಒಳಮೀಸಲಾತಿಗಾಗಿ ಮೂರು ದಶಕ ನಡೆದ ಹೋರಾಟದಲ್ಲಿ, 2024ರ ಆಗಸ್ಟ್ 1ರಂದು ಸುಪ್ರೀಂ ಕೋರ್ಟ್ ಉಪವರ್ಗೀಕರಣಕ್ಕೆ ದಾರಿ ಬಿಟ್ಟಾಗ, ಆಮೇಲೆ ಬೆಂಗಳೂರಿನಲ್ಲಿ ಪಾಲಿನ ಶೇಕಡಾ ಲೆಕ್ಕ ನಡೆದಾಗ, ಪೇಪರುಗಳೆಲ್ಲ ಎಡಗೈ ಬಲಗೈ ಅಂತಲೇ ಬರೆದವು. ಬರೆದವರಲ್ಲಿ ಎಷ್ಟು ಜನಕ್ಕೆ ಗೊತ್ತಿತ್ತು, ಆ ಎಡಗೈಯ ಯಜಮಾನ ಒಂದು ಕಾಲಕ್ಕೆ ಕಂಚುಗಾರ, ಅಕ್ಕಸಾಲಿ ಅಂತ? ಮನೆ ಕಟ್ಟಿದವರು ಬಿಟ್ಟುಹೋದರು, ಬಾಗಿಲು ಕಾಯುತ್ತಿದ್ದವರ ಮೇಲೆ ಮನೆಯ ಹೆಸರು ಉಳಿಯಿತು.

ಮೇಲುಕೋಟೆಯದು ಇನ್ನೂ ಒಂದು ಕಥೆ. ಅದೂ ಲೋಹದ ಮೂರ್ತಿಯದೇ. ಚೆಲುವಪಿಳ್ಳೆ ಅಂತ ಕರೆಯುವ ಉತ್ಸವಮೂರ್ತಿ ದಿಲ್ಲಿಗೆ ಹೋಗಿತ್ತಂತೆ. ರಾಮಾನುಜರು ತರುವಾಗ ದಾರಿಯಲ್ಲಿ ಅಡ್ಡಗಟ್ಟಿದವರಿಂದ ಕಾಪಾಡಿ ತಂದುಕೊಟ್ಟವರು ಅಸ್ಪೃಶ್ಯರಂತೆ. ಅದಕ್ಕೆ ಪ್ರತಿಯಾಗಿ ತಿರುಕುಲದವರು ಎಂಬ ಹೆಸರು, ವರ್ಷಕ್ಕೆ ಮೂರು ದಿನ ದೇವಸ್ಥಾನದ ಒಳಗೆ ಬರುವ ಹಕ್ಕು. ದಿಲ್ಲಿಯ ಕಥೆ ಪುರಾಣ ಇರಬಹುದು, ಮೂರು ದಿನದ ಲೆಕ್ಕ ಪುರಾಣವಲ್ಲ, ಬ್ರಿಟಿಷ್ ಕಾಲದ ದಾಖಲೆಗಳಲ್ಲಿದೆ. ಆ ದಿನಗಳಾದ ಮೇಲೆ ದೇವಸ್ಥಾನ ತೊಳೆದು ಶುದ್ಧಿ ಮಾಡುತ್ತಿದ್ದರು. ಮೂರ್ತಿಯನ್ನು ಹೊತ್ತು ತಂದ ಹೆಗಲಿನಿಂದ ಮೂರ್ತಿಗೆ ಮೈಲಿಗೆಯಾಗಲಿಲ್ಲ, ಆ ಹೆಗಲಿನವನ ಮೊಮ್ಮಗ ಬಂದು ನಿಂತರೆ ಕಲ್ಲುಚಪ್ಪಡಿಗೆ ಮೈಲಿಗೆಯಾಯಿತು. ಸಂವಿಧಾನದ 17ನೇ ವಿಧಿ 1950ರಲ್ಲಿ ಬಂದು ಆ ಮೂರು ದಿನವನ್ನು ಕಾನೂನಿನ ಪುಸ್ತಕದಲ್ಲಾದರೂ 365 ಮಾಡಿತು.

ಹೆಸರಿನ ಮಾತಿಗೆ ಬಂದರೆ ಕೆ.ಆರ್. ಪೇಟೆ ತಾಲ್ಲೂಕಿನಲ್ಲೇ ಒಂದು ಸಾಕ್ಷಿಯಿದೆ. ಗೋವಿಂದನಹಳ್ಳಿಯ ಪಂಚಲಿಂಗೇಶ್ವರ ಗುಡಿ, ಹೊಯ್ಸಳರ ಕಾಲದ್ದು, ಹದಿಮೂರನೇ ಶತಮಾನ. ಅಲ್ಲಿ ದ್ವಾರಪಾಲಕರ ಕಲ್ಲಿನ ಮೇಲೆ ರೂವಾರಿ ಮಲ್ಲಿತಮ್ಮ ಅಂತ ಹೆಸರು ಕೆತ್ತಿದೆ. ಸೋಮನಾಥಪುರದಲ್ಲೂ ಇವನ ಹೆಸರಿದೆ. ಕಲ್ಲಿನವನಿಗೆ ಉಳಿ ತನ್ನ ಕೈಯಲ್ಲೇ ಇತ್ತು, ಒಂದು ಮೂಲೆ ಸಿಕ್ಕಿತು, ಹೆಸರು ಬಿಟ್ಟ. ಅವನಿಗೆ ಅಷ್ಟು ಧೈರ್ಯ ಕೊಟ್ಟ ಕಾಲವನ್ನು ಮೆಚ್ಚಬೇಕು. ಎರಕದವನ ಹೆಸರು ನಮ್ಮ ಸೀಮೆಯ ಲೋಹದ ಮೂರ್ತಿಗಳ ಮೇಲೆ ಹೀಗೆ ಸಿಗೋದು ಅಪರೂಪ. ಮಾಡಿಸಿದ ಗೌಡನ ಹೆಸರು, ಸೆಟ್ಟಿಯ ಹೆಸರು ಪೀಠದ ಮೇಲೆ ಬೇಕಾದಷ್ಟಿವೆ. ಎರಕದ ಗುಣವೂ ಹಾಗೇ ಇದೆ. ಕೈಯಾಡಿಸಿದ ಮೇಣ ಕರಗಿ ಹೋಗುತ್ತೆ, ಬೆರಳಚ್ಚು ಬಿದ್ದ ಮಣ್ಣಿನ ಅಚ್ಚನ್ನು ಒಡೆದು ಎಸೆಯುತ್ತಾರೆ. ಉಳಿಯೋದು ಲೋಹ, ಲೋಹ ಕೊಂಡವನದು.

ಪಟ್ಟಣದ ಹುಲಿಗೆ ಮತ್ತೆ ಬರುತ್ತೇವೆ, ಅದನ್ನು ಎಳೆದವರ ಮಾತು ಬಾಕಿಯಿದೆ. ಕಂಚಿನ ಹುಲಿ ತಾನೇ ನಡೆಯೋದಿಲ್ಲ, ಎತ್ತು ಎಳೆಯಬೇಕು. ಚಿಕ್ಕದೇವರಾಜ ಒಡೆಯರ ಕಾಲದ ಬೆಣ್ಣೆ ಚಾವಡಿಯ ದನದ ಹಿಂಡುಗಳನ್ನು ಹೈದರ್ ದಂಡಿಗೆ ಹೂಡಿದ, ಟಿಪ್ಪು ಅದಕ್ಕೆ ಅಮೃತ ಮಹಲ್ ಅಂತ ಹೆಸರಿಟ್ಟ. ಹೈದರ್ ಚಿದಂಬರದ ಕಡೆಗೆ ಎರಡೂವರೆ ದಿನದಲ್ಲಿ 100 ಮೈಲಿ ದಂಡು ನಡೆಸಿದ್ದು ಈ ಎತ್ತುಗಳ ಕಾಲಿನ ಮೇಲೆ ಅಂತ ರೈಸ್ ಬರೆದಿದ್ದಾನೆ. ಆ ಎತ್ತು ಸತ್ತರೆ ಚರ್ಮ ಮಾದಿಗರ ಕೇರಿಗೆ. ಕೇರಿಯಿಂದ ತಿದಿಯಾಗಿ ಕುಲುಮೆಗೆ. ಕುಲುಮೆಯಿಂದ ಹುಲಿ. ಹುಲಿಯನ್ನು ಎಳೆಯಲು ಮತ್ತೆ ಎತ್ತು. ಈ ಸುತ್ತಿನಲ್ಲಿ ಅರಸನಿಗೆ ಸಿಕ್ಕ ಹೆಸರು ಹುಲಿಯದು.

ಪಟ್ಟಣ ಬಿದ್ದ ಮೇಲೆ ಕುಲುಮೆಗಳು ಆರಿದವು. ಟಿಪ್ಪು ಕಾಲದಲ್ಲಿ ಲಕ್ಷ ದಾಟಿದ್ದ ಊರಿನಲ್ಲಿ 1800ರಲ್ಲಿ ಬುಕಾನನ್ ಎಣಿಸಿದ್ದು 31,895 ಜನ. ಆಮೇಲೆ ಜ್ವರದ ಕಾಟಕ್ಕೆ ಬ್ರಿಟಿಷ್ ದಂಡೂ ಬೆಂಗಳೂರಿಗೆ ಹೊರಟುಹೋಯಿತು. ಫಿರಂಗಿ ಎರೆದ ಕೈಗಳು ಎಲ್ಲಿ ಹೋದವು? ಹೊಟ್ಟೆ ಕರೆದ ಕಡೆ ಹೋಗಿರಬೇಕು. ಗಂಟೆ, ಗಗ್ಗರ, ದೀಪ, ತಂಬಿಗೆ, ಎತ್ತಿನ ಕೊಂಬಣಸು. ಇತಿಹಾಸದವರು ಇದನ್ನು ಅವನತಿ ಅನ್ನುತ್ತಾರೆ. ಕೊಲ್ಲುವ ಹುಲಿ ಎರೆಯುತ್ತಿದ್ದ ಕೈ ಎತ್ತಿನ ಕೊರಳಿಗೆ ಗಂಟೆ ಎರೆದರೆ ಅದು ಅವನತಿಯೋ ಏನೋ, ಎತ್ತನ್ನೂ ಒಂದು ಮಾತು ಕೇಳಬಹುದಿತ್ತು.

ಬಡವರ ಕೈಗೆ ಲೋಹದ ಪ್ರಾಣಿ ಬರುತ್ತಿದ್ದದ್ದು ಎರಡೇ ದಾರಿಯಲ್ಲಿ. ಒಂದು ದುಡ್ಡು. ಟಿಪ್ಪುವಿನ ತಾಮ್ರದ ಪೈಸೆಯ ಮೇಲೆ ಆನೆ. ಹುಲಿ ಸಿಂಹಾಸನಕ್ಕೆ, ಫಿರಂಗಿಗೆ. ಕೂಲಿಗೆ ಆನೆ. ಅವನ ನಂತರ ಮುಮ್ಮಡಿ ಕೃಷ್ಣರಾಜರ ಮಯಿಲಿ ಕಾಸಿನ ಮೇಲೂ ಆನೆ ಬಂತು.

ಇನ್ನೊಂದು ದಾರಿ ಮಾದಪ್ಪ. ಮಲೆ ಮಾದೇಶ್ವರನದೂ ಹುಲಿಯೇ. ಆದರೆ ಈ ಹುಲಿ ಯಾರನ್ನೂ ಕಚ್ಚಿ ಕೆಡವಿಕೊಂಡಿಲ್ಲ, ಬೆನ್ನ ಮೇಲೆ ಕೂರಿಸಿಕೊಂಡಿದೆ. ಮಂಡ್ಯ ಮೈಸೂರು ಸೀಮೆಯ ಒಕ್ಕಲುಗಳ ಮನೆಯ ಗೂಡಿನಲ್ಲಿ ಅಂಗೈಯಗಲದ ಹಿತ್ತಾಳೆಯ ಹುಲಿವಾಹನ ಇದ್ದೇ ಇರುತ್ತೆ, ಹೊಸಿಲು ದಾಟಿಸದ ಮನೆಯಲ್ಲೂ ಇರುತ್ತೆ, ಕೇರಿಯ ಮನೆಯಲ್ಲೂ ಇರುತ್ತೆ. ದೇವರಗುಡ್ಡರು ಕಂಸಾಳೆ ಬಡಿದು ಹಾಡುತ್ತಾರೆ, ಕಂಸಾಳೆಯೂ ಕಂಚೇ. ಆ ಕಾವ್ಯದಲ್ಲಿ ಶ್ರವಣನೆಂಬ ಅಸುರ ದೇವಾನುದೇವತೆಗಳನ್ನೆಲ್ಲ ಸೆರೆಯಲ್ಲಿಟ್ಟು ಚಾಕರಿ ಮಾಡಿಸುತ್ತಿದ್ದಾಗ ಅವನನ್ನು ಕೊಂದದ್ದು ಕತ್ತಿಯಲ್ಲ, ಫಿರಂಗಿಯಲ್ಲ. ಹರಳಯ್ಯ ಎಂಬ ಮಾದಿಗ ಹೊಲಿದ ಎಕ್ಕಡ. ಕಲ್ಯಾಣದ ಹೆಸರೇ ಇಲ್ಲೂ ಬಂದಿರುವುದನ್ನು ಗಮನಿಸಿ. ಅಲ್ಲಿ ಆನೆಯ ಕಾಲಿಗೆ ಕಟ್ಟಿದ ಹರಳಯ್ಯನನ್ನು ಜನ ತಮ್ಮ ಹಾಡಿನಲ್ಲಿ ಕಾಡಿಗೆ ಕರೆತಂದು ಬದುಕಿಸಿಕೊಂಡರು ಅಂತ ನಮಗೆ ಅನ್ನಿಸುತ್ತೆ. ಪಂಡಿತರು ಒಪ್ಪದಿದ್ದರೆ ಬೇಡ.

ಈಗಿನ ಕಾಲ. 2022ರ ನವೆಂಬರ್‌ನಲ್ಲಿ ದೇವನಹಳ್ಳಿ ವಿಮಾನ ನಿಲ್ದಾಣದ ಹತ್ತಿರ ನಿಲ್ಲಿಸಿದ 108 ಅಡಿ ಕೆಂಪೇಗೌಡರ ಪ್ರತಿಮೆಗೆ 98 ಟನ್ ಕಂಚು ಬಿತ್ತು. ಶಿಲ್ಪಿ ರಾಮ್ ಸುತಾರ್ ಅಂತ ಎಲ್ಲ ಪೇಪರಿನಲ್ಲೂ ಬಂತು, ಬರಬೇಕಾದ್ದೇ. ಕೆಂಡದ ಮುಂದೆ ನಿಂತು ಆ ಕಂಚು ಹೊಯ್ದವರ ಹೆಸರು ಬರಲಿಲ್ಲ. ಕಲಾವಿದನಿಗೆ ಹೆಸರು ಬಂದಿದೆ, ಎರಕದವನಿಗೆ ಇನ್ನೂ ಬಂದಿಲ್ಲ. ಇದಕ್ಕೆ ಬೇರೆ ದಾರಿ ಹಿಡಿದ ಒಬ್ಬ ತಾಯಿಯನ್ನು ನೆನೆಯಬೇಕು. ಕಲ್ಕತ್ತೆಯ ಮೀರಾ ಮುಖರ್ಜಿ, 1923ರಲ್ಲಿ ಹುಟ್ಟಿ 1998ರಲ್ಲಿ ತೀರಿಕೊಂಡವರು. ಜರ್ಮನಿಯ ಮ್ಯೂನಿಕ್‌ನಲ್ಲಿ ಕಲಿತು ಬಂದಮೇಲೆ ಬಸ್ತರಿನ ಕಾಡಿಗೆ ಹೋಗಿ, ಆನೆ, ಕುದುರೆ, ಹುಲಿ ಎರೆಯುವ ಘಡವಾ ಜನರ ಹತ್ತಿರ ಶಿಷ್ಯೆಯಾಗಿ ಕೂತರು. ಮೇಣವನ್ನು ದಾರದ ಹಾಗೆ ಎಳೆದು ಮಣ್ಣಿನ ತಿರುಳಿಗೆ ಸುತ್ತುವುದನ್ನು ಅವರಿಂದ ಕಲಿತರು. ದೇಶ ತಿರುಗಿ ಲೋಹದ ಕಸುಬಿನವರ ಬಗ್ಗೆ ಬರೆದ ಅವರ ಪುಸ್ತಕ 1978ರಲ್ಲಿ ಬಂತು. ಕಲಿಸಿದವರು ಯಾರು ಅಂತ ಬಾಯಿ ಬಿಟ್ಟು ಹೇಳಿದ ಕಲಾವಿದರು ನಮ್ಮಲ್ಲಿ ಕಮ್ಮಿ. ಅವರು ಹೇಳಿದರು.

ನಾಗಮಂಗಲದ ಕೆಲಸ ಸ್ಟೀಲು, ಅಲ್ಯುಮಿನಿಯಂ ಬಂದಾಗಲೇ ಸೊರಗಿತು. ತಂಬಿಗೆ, ಕೊಳಗ, ಚರಿಗೆ ಕೇಳುವವರಿಲ್ಲ. ಟ್ರ್ಯಾಕ್ಟರ್ ಬಂದ ಮೇಲೆ ಗಗ್ಗರ ಕೊಂಬಣಸು ಕೇಳುವವರೂ ಕಮ್ಮಿ. ದೇವಸ್ಥಾನಗಳ ಜೀರ್ಣೋದ್ಧಾರ ಜಾಸ್ತಿಯಾಗಿ ಉತ್ಸವಮೂರ್ತಿಗೆ ಮಾತ್ರ ಗಿರಾಕಿ ಇದ್ದಾರೆ. ಉತ್ತರದ ಮುರಾದಾಬಾದು, ಅಲಿಗಡದಿಂದ ಅಚ್ಚಿನಲ್ಲಿ ಒತ್ತಿದಂತೆ ಬರುವ ಹಿತ್ತಾಳೆ ಬಸವ ಅರ್ಧ ಬೆಲೆಗೆ ಸಿಗುತ್ತಾನೆ. ಅವನ ಕೊಂಬು ಹಳ್ಳಿಕಾರಿನದಲ್ಲ, ಯಾವ ಸೀಮೆಯದೂ ಅಲ್ಲ.

ಮತ್ತೆ ತಿದಿ? ಕರೆಂಟಿನ ಬ್ಲೋಯರ್ ಬಂದು ತಿದಿ ಅಟ್ಟ ಸೇರಿತು. ಚರ್ಮದ ಕೆಲಸ ಬಿಟ್ಟದ್ದಕ್ಕೆ ನಮಗೆ ದುಃಖವಿಲ್ಲ, ಸತ್ತ ದನ ಹೊರುವ ಕಸುಬನ್ನು ಬಿಡಿ ಅಂತ ಬಾಬಾಸಾಹೇಬರು ಹೇಳಿದ್ದೂ ಅದನ್ನೇ. ಆದರೆ ಕಸುಬು ಬಿಟ್ಟಾಗ ಕಸುಬಿನ ಲೆಕ್ಕವೂ ಅಳಿಸಿಹೋಗಿದೆ. ತಿದಿಗೆ ಯಾವ ಪ್ರಾಣಿಯ ಚರ್ಮ ಒಳ್ಳೇದು, ಎಷ್ಟು ದಿನ ನೆನೆಯಬೇಕು, ಬಾಯಿಗೆ ಯಾವ ಮರದ ಕೊಳವೆ, ವರ್ಷಕ್ಕೆ ಎಷ್ಟು ರಾಗಿ ಕೊಡುತ್ತಿದ್ದರು, ರಾಗಿಯನ್ನು ಕೈಗೆ ಕೊಡುತ್ತಿದ್ದರೋ ಸೆರಗಿಗೆ ಎತ್ತಿ ಸುರಿಯುತ್ತಿದ್ದರೋ, ಇದನ್ನು ಹೇಳಬಲ್ಲ ಮುದುಕರು ಬೂಕನಕೆರೆ ಹೋಬಳಿಯಲ್ಲಿ, ದೇವಲಾಪುರ, ಬಿಂಡಿಗನವಿಲೆ, ಚಿನಕುರಳಿ ಕಡೆಯ ಕೇರಿಗಳಲ್ಲಿ ಇನ್ನೂ ಸಿಕ್ಕಾರು. ಬೂಕನಕೆರೆ ಅಂದರೆ ಈಗ ಮಾಜಿ ಮುಖ್ಯಮಂತ್ರಿಯೊಬ್ಬರ ಹುಟ್ಟೂರು ಅಂತಷ್ಟೇ ಪೇಪರಿಗೆ ಗೊತ್ತು.

ಈ ನಾಲ್ಕು ತಾಲ್ಲೂಕಿನ ಮೇಷ್ಟ್ರುಗಳನ್ನು, ಹಾಸ್ಟೆಲಿನ ಹುಡುಗರನ್ನು ಕೇಳಿಕೊಳ್ಳುತ್ತೇವೆ. ಎರಕದ ಮನೆಯೊಂದರಿಂದ ಶುರು ಮಾಡಿ, ಅವರ ತಾತನ ಕಾಲದ ತಿದಿ ಯಾವ ಊರಿನ ಯಾರ ಮನೆಯಿಂದ ಬರುತ್ತಿತ್ತು ಅಂತ ಕೇಳಿ ಆ ಮನೆಗೆ ಹೋಗಿ. ಹೇಳಿದ್ದನ್ನು ಹೇಳಿದ ಮಾತಿನಲ್ಲೇ ಬರೆದು ಕಳಿಸಿ, ಶಿಷ್ಟ ಕನ್ನಡಕ್ಕೆ ತಿದ್ದಬೇಡಿ. ಅಟ್ಟದ ಮೇಲೆ ಹಳೇ ತಿದಿ ಸಿಕ್ಕಿದರೆ ಹೊಲಿಗೆ ಎಷ್ಟೆಳೆ ಇದೆ ಅಂತಲೂ ನೋಡಿ ಬರೆಯಿರಿ.